ನಾಲ್ಕು ಬೆರಳಿನ ಸಡಿಲ

ಆ ತಿಂಗಳು ಕ್ಲಚ್ಚಕ್ಕನಿಗೆ ಇಬ್ಬರು ಗಂಡಸರು ಒಂದೇ ಉತ್ತರ ಕೊಟ್ಟರು. ಮಂಡಿ ನೋವು ಅಂತ ಹೋದಾಗ ಡಾಕ್ಟರು ಕಾಲನ್ನು ಮುಟ್ಟಿಯೂ ನೋಡದೆ ವಯಸ್ಸಾಯ್ತಲ್ಲ ಅಂದರು. ಕಾರಿನ ಗೇರು ಲೂಸಾಗಿದೆ ಅಂತ ಹೋದಾಗ ಮೆಕ್ಯಾನಿಕ್ಕು ಕಾರಿನ ಬಾಗಿಲನ್ನೂ ತೆಗೆಯದೆ ಅದನ್ನೇ ಅಂದ. ಮಂಡಿಯ ಮಾತನ್ನು ಅವಳು ಹೇಗೋ ನುಂಗಿಕೊಂಡಳು. ಗೇರಿನ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೂ ಒಂದಿದೆ. ಅದನ್ನು ಈಗ ಬ್ಯಾಂಕಿನವರು ಬಿಟ್ಟರೆ ಬೇರೆ ಯಾರೂ ಬಳಸುವುದಿಲ್ಲ. ಟೈರ್ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಿರುವ ಡ್ರೈವಿಂಗ್ ಸ್ಕೂಲಿನಲ್ಲಿ ಅವಳು ಇಪ್ಪತ್ತು ವರ್ಷದಿಂದ ಕಾರು ಕಲಿಸುತ್ತಿದ್ದಾಳೆ. ಬೆಳಿಗ್ಗೆ ಆರರಿಂದ ಸಂಜೆ ಐದರವರೆಗೆ ಆ ರಸ್ತೆಯಲ್ಲಿ ಯಾರೇ ನಿಂತಿರಲಿ, “ಕ್ಲಚ್ಚು! ಕ್ಲಚ್ಚು ಅಂದೆ!” ಅನ್ನುವ ಕೂಗು ಒಂದಲ್ಲ ಒಂದು ಸಲ ಅವರ ಕಿವಿಗೆ ಬೀಳಲೇಬೇಕು. ಹಾಗಾಗಿ ಆ ಹೆಸರು. ಎದುರಿಗೆ ಕರೆದರೂ ಅವಳಿಗೆ ಬೇಸರವಿಲ್ಲ, ಬ್ರೇಕಕ್ಕ ಅನ್ನುವುದಕ್ಕಿಂತ ವಾಸಿ ಅನ್ನುತ್ತಾಳೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅದು ಅಲ್ಲಿ ಸುಮ್ಮನೆ ಕೂತಿರುವ ಕೋಪವಲ್ಲ, ದುಡಿಯುವ ಕೋಪ. ಹೆದರುಪುಕ್ಕಲರನ್ನು ಹೆದ್ದಾರಿಗೆ ಇಳಿಸಿದ ಕೋಪ ಅದು.

ಗೇರು ಹಾಕುವುದನ್ನು ಅವಳು ಕಲಿತದ್ದು ಪಕ್ಕದ ಸೀಟಿನಲ್ಲಿ ಕೂತು. ಅವಳಪ್ಪ ಹಾಲಿನ ವ್ಯಾನು ಓಡಿಸುತ್ತಿದ್ದರು. ಮೆಟ್ಟಿಲಿನಿಂದ ಬಿದ್ದು ಭುಜ ಮುರಿದ ಮೇಲೆ ಅವರ ಎಡಗೈ ಸೊಂಟದಿಂದ ಮೇಲೆ ಏಳದಾಯಿತು. ಕೆಲಸ ಬಿಟ್ಟರೆ ಮನೆ ನಡೆಯುವುದು ಹೇಗೆ? ಹತ್ತು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅಪ್ಪ ಕಾಲಲ್ಲಿ ಒತ್ತಿ “ಕ್ಲಚ್ಚು” ಅಂದರೆ ಮಗಳು ಗೇರು ಬದಲಾಯಿಸಬೇಕು. ಎರಡು ವರ್ಷ ಹಾಗೆ ಇಬ್ಬರೂ ಸೇರಿ ಒಬ್ಬ ಡ್ರೈವರು. ಕಾಲಿಗೆ ಪೆಡಲು ಎಟಕುವ ಮೊದಲೇ ಅವಳ ಕೈಗೆ ಐದು ಗೇರೂ ಗೊತ್ತಿದ್ದವು.

ದೊಡ್ಡವಳಾಗಿ ಕಲಿಸುವುದಕ್ಕೆ ನಿಂತಾಗಲೂ ಅದೇ ಪದ್ಧತಿ. ಕಲಿಯುವವರು ಗೇರಿನ ಗುಂಡಿಯ ಮೇಲೆ ಕೈ ಇಡಬೇಕು, ಅವರ ಕೈ ಮೇಲೆ ಕ್ಲಚ್ಚಕ್ಕ ತನ್ನ ಕೈ ಇಡುತ್ತಾಳೆ. ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ. ಹತ್ತು ದಿನ ಕೈ ಮೇಲೆ ಕೈ, ಆಮೇಲೆ ಬಿಟ್ಟುಬಿಡುವುದು ಅಂತ ಲೆಕ್ಕ. ಬಿಟ್ಟ ಕೂಡಲೇ ಗೇರು ತಪ್ಪುತ್ತಿತ್ತು. ತಪ್ಪಿದರೆ ಬೈಗುಳ, ಬೈದ ಮೇಲೆ ಮತ್ತೆ ಕೈ. ಹೀಗೆ ಆ ಕೈ ಪರೀಕ್ಷೆಯ ದಿನದವರೆಗೂ ಅಲ್ಲೇ ಇರುತ್ತಿತ್ತು. ಪರೀಕ್ಷೆಯ ದಿನ ಪಕ್ಕದ ಸೀಟಿನಲ್ಲಿ ಕೂರುವವರು ಲೈಸೆನ್ಸ್ ಆಫೀಸಿನ ಇನ್ಸ್‌ಪೆಕ್ಟರು, ಅವರು ಯಾರ ಕೈ ಮೇಲೂ ಕೈ ಇಡುವುದಿಲ್ಲ.

ಸ್ಕೂಲಿಗೆ ಎರಡು ಕಾರು. ಹೊಸ ಕೆಂಪು ಕಾರಿನಲ್ಲಿ ಯಜಮಾನನ ಭಾವಮೈದುನ ಕಲಿಸುತ್ತಾನೆ. ಹಳೆಯ ಬಿಳಿ ಕಾರು ಹನ್ನೊಂದು ವರ್ಷದಿಂದ ಕ್ಲಚ್ಚಕ್ಕನದು. ಕೆಂಪು ಕಾರಿನವರು ಸರಸರ ಪಾಸಾಗುತ್ತಾರೆ, ಬಿಳಿ ಕಾರಿನವರು ಸಾಲಾಗಿ ಫೇಲಾಗುತ್ತಾರೆ. ಯಾಕೆ ಅಂತ ಕೇಳಿದರೆ ಯಜಮಾನನ ಹತ್ತಿರ ಉತ್ತರ ರೆಡಿ. ಬಿಳಿ ಕಾರಿಗೆ ಬರುವವರು ಹೆಂಗಸರು, ವಯಸ್ಸಾದವರು, ಅವರ ಕೈಗೆ ಗೇರು ಒಗ್ಗುವುದಿಲ್ಲ. ಈ ಮಾತಿಗೆ ಮೈ ಉರಿಯಬೇಕಾಗಿದ್ದದ್ದು ಕ್ಲಚ್ಚಕ್ಕನಿಗೆ. ಆದರೆ ಅವಳೇ ತಲೆ ಆಡಿಸುತ್ತಿದ್ದಳು. ಅವಳ ಕೈಗೆ ಗೇರು ಸರಿಯಾಗಿ ಬೀಳುತ್ತಿತ್ತಲ್ಲ, ಅಂದ ಮೇಲೆ ತಪ್ಪು ಮಿಕ್ಕವರ ಕೈಯದೇ ಇರಬೇಕು.

ಹೀಗೆ ಫೇಲಾದವರ ಸಾಲಿಗೆ ಅವಳ ನಾದಿನಿಯೂ ಬಂದು ನಿಂತಳು.

ನಾದಿನಿ ಅಂದರೆ ಗಂಡನ ತಂಗಿ, ಇವರ ಜೊತೆಯಲ್ಲೇ ಇರುವವಳು. ಒಂದು ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷದಿಂದ ಇಸ್ತ್ರಿ ಕೆಲಸ. ಆ ಕೋಣೆಗೆ ಕಿಟಕಿ ಇಲ್ಲ. ದಿನವಿಡೀ ಆವಿ, ಸಂಜೆ ಮನೆಗೆ ಬಂದಾಗ ಬೆರಳುಗಳ ತುದಿ ಬೇಯಿಸಿದ ಹಾಗೆ ಬೆಳ್ಳಗೆ. ಬಟ್ಟೆ ಮನೆಮನೆಗೆ ಮುಟ್ಟಿಸುವ ವ್ಯಾನಿನ ಡ್ರೈವರು ಕೆಲಸ ಬಿಡುವುದಾಗಿ ಹೇಳಿದ್ದ. ಮುಂದಿನ ತಿಂಗಳ ಕೊನೆಯೊಳಗೆ ಲೈಸೆನ್ಸು ತಂದರೆ ಆ ಜಾಗ ನಿನಗೇ ಅಂತ ಲಾಂಡ್ರಿಯ ಒಡತಿ ಮಾತು ಕೊಟ್ಟಿದ್ದಳು. ನಾದಿನಿ ಮನೆಯಲ್ಲಿ ಜಾಸ್ತಿ ಮಾತಾಡುವವಳಲ್ಲ. ಆ ದಿನ ಮಾತ್ರ ಊಟಕ್ಕೆ ಕೂತಾಗ, ವ್ಯಾನಿಗೆ ಮೂರು ಕಡೆಯೂ ಗಾಜಿದೆ ಅಂತ ಎರಡು ಸಲ ಹೇಳಿದಳು.

ಮೊದಲನೇ ಪರೀಕ್ಷೆ ಹೋಯಿತು. ಎರಡನೆಯದರಲ್ಲಿ ಆದದ್ದು ಹೀಗೆ. ಲೈಸೆನ್ಸ್ ಆಫೀಸಿನ ಮೈದಾನದಲ್ಲಿ ಒಂದು ಸಣ್ಣ ಸಿಮೆಂಟಿನ ಏರು ಇದೆ. ಅಲ್ಲಿ ಒಂದರಿಂದ ಎರಡನೇ ಗೇರಿಗೆ ಬರಬೇಕು. ನಾದಿನಿ ಕ್ಲಚ್ಚು ಒತ್ತಿ, ಗೇರನ್ನು ನೆಟ್ಟಗೆ ಕೆಳಕ್ಕೆ ಎಳೆದಳು. ಅದು ಎರಡಕ್ಕೆ ಬೀಳುವ ಬದಲು ನಾಲ್ಕಕ್ಕೆ ಬಿತ್ತು. ಕಾರು ಗಡಗಡ ನಡುಗಿ ಆಫಾಗಿ, ಹಿಂದಕ್ಕೆ ಜಾರಿ, ಕೆಂಪು ಬಣ್ಣ ಬಳಿದ ಡ್ರಮ್ಮಿಗೆ ಹೋಗಿ ಡಬ್ ಅಂತ ಗುದ್ದಿತು. ಗೋಡೆಯ ಪಕ್ಕ ಸರದಿ ಕಾಯುತ್ತಿದ್ದ ಏಳೆಂಟು ಜನ, ಯಜಮಾನ, ಅವನ ಭಾವಮೈದುನ, ಎಲ್ಲರೂ ನೋಡಿದರು. ಭಾವಮೈದುನ ಕಿಸಕ್ಕನೆ ನಕ್ಕ. ಕ್ಲಚ್ಚಕ್ಕನ ನೆತ್ತಿಗೆ ರಕ್ತ ಏರಿತು. ಅವನಿಗೆ ಬೈಯುವ ಬದಲು ಅವಳು ಕಾರಿನಿಂದ ಇಳಿದು ಬರುತ್ತಿದ್ದ ನಾದಿನಿಗೆ ಬೈದಳು.

“ಇಷ್ಟು ದಿನ ಕೈ ಹಿಡಿದು ಹೇಳಿಕೊಟ್ರೂ ಬರಲ್ಲ ಅಂದ್ರೆ ಏನು ಹೇಳೋದು? ಇಸ್ತ್ರಿ ಒತ್ತೋದಕ್ಕೇ ಲಾಯಕ್ಕು ಈ ಕೈ.”

ನಾದಿನಿ ಬ್ಯಾಗು ಎತ್ತಿಕೊಂಡು ಬಸ್ಸಿಗೆ ನಡೆದಳು. ಮೂರನೇ ಪರೀಕ್ಷೆಗೆ ಹದಿನೈದು ದಿನ ಇತ್ತು. ಅದೂ ಹೋದರೆ ಎರಡು ತಿಂಗಳು ಕಾಯಬೇಕೆಂಬ ನಿಯಮ, ಅಷ್ಟರಲ್ಲಿ ವ್ಯಾನು ಬೇರೆಯವರ ಪಾಲು.

ಮನೆಯಲ್ಲಿ ನಾಲ್ಕು ದಿನ ಉಪ್ಪಿನ ಡಬ್ಬಿ ಕೊಡಿ, ಗ್ಯಾಸ್ ಖಾಲಿ, ಬಾಗಿಲು ಹಾಕಿಕೊಳ್ಳಿ, ಇಷ್ಟೇ ಮಾತು. ಕ್ಲಚ್ಚಕ್ಕನ ಗಂಡ ಪೋಸ್ಟಾಫೀಸಿನಲ್ಲಿ ದಿನವಿಡೀ ಠಸ್ಸೆ ಒತ್ತುವವರು. ಹೆಂಡತಿ ಒಂದು ಕಡೆ, ತಂಗಿ ಇನ್ನೊಂದು ಕಡೆ ಇರುವಾಗ ನಡುವೆ ಬಾಯಿ ಹಾಕಿದರೆ ಠಸ್ಸೆ ತಮ್ಮ ಬೆನ್ನಿಗೇ ಬೀಳುತ್ತದೆ ಅನ್ನುವುದು ಅವರಿಗೆ ಗೊತ್ತು. ಪೇಪರಿನ ಒಂದೇ ಪುಟವನ್ನು ಮುಕ್ಕಾಲು ಗಂಟೆ ಓದಿದರು.

ಭಾನುವಾರ ಇಡೀ ಮನೆಯ ಬಟ್ಟೆಗೆ ನಾದಿನಿ ಇಸ್ತ್ರಿ ಹಾಕುವುದು ಮೊದಲಿನಿಂದ ಬಂದ ರೂಢಿ. ಆ ಭಾನುವಾರ ಅಣ್ಣನ ಅಂಗಿಗಳು ಗರಿಗರಿಯಾಗಿ ಮಡಿಚಿ ಕೂತವು. ಅತ್ತಿಗೆಯ ಸ್ಕೂಲಿನ ನೀಲಿ ಕೋಟು ಮಾತ್ರ ಒಗೆದು ಹಿಂಡಿದ ಹಾಗೇ ಮೂಲೆಯಲ್ಲಿ ಬಿದ್ದಿತ್ತು. ಕ್ಲಚ್ಚಕ್ಕ ನೋಡಿದಳು, ನೋಡದ ಹಾಗೆ ಮಾಡಿದಳು, ಕೊನೆಗೆ ತಡೆಯಲಾರದೆ ಕೋಟನ್ನು ಎತ್ತಿಕೊಂಡು ಬಂದು ಮೇಜಿನ ಮೇಲೆ ಇಟ್ಟಳು. ಇದೇನು ಪಾಪ ಮಾಡಿತ್ತು ಅಂತ ಕೇಳಿದಳು.

ನಾದಿನಿ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ನಿಲ್ಲಿಸಿಟ್ಟಳು. “ಅತ್ತಿಗೆ, ಹದಿನಾಲ್ಕು ವರ್ಷದಿಂದ ಇಸ್ತ್ರಿ ಒತ್ತುತ್ತಾ ಇದ್ದೀನಿ. ಪೆಟ್ಟಿಗೆ ಹಿಡಿ ಲೂಸಾಗಿ ಅಂಗಿ ಸುಟ್ರೆ, ಅಂಗಿದೇ ತಪ್ಪು ಅಂತ ಇವತ್ತಿನವರೆಗೂ ನಾನು ಅಂದಿಲ್ಲ.”

ಕ್ಲಚ್ಚಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಎಲಾ ಇವಳ! ತನ್ನ ಕಾರಿಗೆ ಹೆಸರಿಡುತ್ತಾಳೆ! ಹನ್ನೊಂದು ವರ್ಷ ತಾನು ಹಾಕಿದ ಗೇರು ಒಂದೇ ಒಂದು ಸಲ ತಪ್ಪಿಲ್ಲ, ಇವಳು ಮೂವತ್ತು ದಿನ ಕೂತು ಗೇರು ಲೂಸು ಅಂತ ತೀರ್ಪು ಕೊಡುತ್ತಾಳೆ! ಸುಕ್ಕುಸುಕ್ಕಾದ ಕೋಟನ್ನೇ ಹಾಕಿಕೊಂಡು ಸೋಮವಾರ ಸ್ಕೂಲಿಗೆ ಹೋದಳು. ನಾದಿನಿಯ ಮಾತು ಸುಳ್ಳು ಅಂತ ಸಾಬೀತು ಮಾಡುವುದಕ್ಕೇ ಅರ್ಧ ಗಂಟೆ ಮುಂಚೆ ಹೋದಳು ಅಂದರೂ ತಪ್ಪಿಲ್ಲ.

ಮೊದಲು ಕೆಂಪು ಕಾರಿಗೆ ಕೂತಳು. ಇಂಜಿನ್ ಹಚ್ಚದೆ ಎರಡನೇ ಗೇರಿಗೆ ಹಾಕಿ, ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಆಡಿಸಿದಳು. ಒಂದು ಬೆರಳಿನಷ್ಟು ಆಡಿತು, ನಿಂತಿತು. ಆಮೇಲೆ ಬಿಳಿ ಕಾರಿಗೆ ಬಂದು ಹಾಗೇ ಮಾಡಿದಳು. ಗುಂಡಿ ಒಂದು ಬೆರಳು ಹೋಯಿತು, ಎರಡು ಹೋಯಿತು, ಹೋಗುತ್ತಲೇ ಇತ್ತು. ಪಕ್ಕದಲ್ಲಿ ಅಂಗೈ ಹಿಡಿದು ಅಳೆದರೆ ನಾಲ್ಕು ಬೆರಳು. ಬಕೆಟ್ಟಿನ ನೀರಲ್ಲಿ ಕೋಲು ಆಡಿಸಿದ ಹಾಗೆ. ಇನ್ನೊಂದು ಸಲ ಅಳೆದಳು. ಬೆರಳು ಕಡಿಮೆಯಾಗಲಿಲ್ಲ.

ಒಂದೇ ದಿನದಲ್ಲಿ ಇಷ್ಟು ಸಡಿಲವಾಗಿದ್ದರೆ ಅವಳಿಗೆ ತಕ್ಷಣ ಗೊತ್ತಾಗುತ್ತಿತ್ತು. ಇದು ವರ್ಷ ವರ್ಷ ಕೂದಲೆಳೆಯಷ್ಟು ಸವೆದದ್ದು. ಅದು ಸವೆದ ಹಾಗೆಲ್ಲ ಅವಳ ಕೈ ತನ್ನಷ್ಟಕ್ಕೆ ದಾರಿ ಬದಲಿಸಿಕೊಂಡಿತ್ತು. ಎರಡಕ್ಕೆ ಹೋಗುವಾಗ ಅಷ್ಟು ದೂರ ಎಡಕ್ಕೆ ಒತ್ತಿ, ಕೆಳಗೆ ಎಳೆದು, ಸ್ವಲ್ಪ ತಿರುವುವುದು. ಮೂರಕ್ಕೆ ಬೇರೆ ಉಪಾಯ. ತಾನು ಹೀಗೆ ಮಾಡುತ್ತಿದ್ದೇನೆ ಅಂತ ಅವಳಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಬೇರೆಯವರಿಗೆ ಹೇಳಿಕೊಡುವುದು ಹೇಗೆ?

ಸ್ಕೂಲಿನ ಕಾರುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕು ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಅವಳು ನಾಲ್ಕು ಬೆರಳು ತೋರಿಸಿ ವಿವರಿಸಿದಳು. ಅವನು ಕಾರಿನ ಕಡೆ ತಿರುಗಿಯೂ ನೋಡಲಿಲ್ಲ.

“ವಯಸ್ಸಾಯ್ತಲ್ಲ ಅಕ್ಕಾ. ಗೇರ್‌ಬಾಕ್ಸೇ ಇಳಿಸಬೇಕು. ಈ ಗಾಡಿಗೆ ಅಷ್ಟೆಲ್ಲ ಮಾಡಿ ಪ್ರಯೋಜನ ಇಲ್ಲ.”

ಯಜಮಾನನ ಹತ್ತಿರ ಹೋದಳು. ಹನ್ನೊಂದು ವರ್ಷ ಓಡಿಲ್ಲವಾ, ಇನ್ನೊಂದು ವರ್ಷ ಓಡಿಸಿ, ಆಮೇಲೆ ಗುಜರಿಗೆ ಹಾಕೋಣ ಅಂದ. ಹಾಗಾದರೆ ನಾದಿನಿಯ ಪರೀಕ್ಷೆಗೆ ಕೆಂಪು ಕಾರು ಕೊಡಿ ಅಂದಳು. ಅರ್ಜಿಯಲ್ಲಿ ಬಿಳಿ ಕಾರಿನ ನಂಬರು ಬರೆದಾಗಿದೆ, ಬದಲಿಸಬೇಕಾದರೆ ಹೊಸ ಅರ್ಜಿ, ಹೊಸ ತಾರೀಕು, ತಿಂಗಳು ದಾಟುತ್ತದೆ ಅಂತ ಅವನು ಕೈ ತೊಳೆದುಕೊಂಡ. ಆಮೇಲೆ ಸಮಾಧಾನ ಮಾಡುವವನ ಹಾಗೆ ನಕ್ಕು, ಬಿಡಿ ಅಕ್ಕಾ, ಎಲ್ಲರ ಕೈಗೂ ಗೇರು ಒಗ್ಗಲ್ಲ ಅಂದ. ಇದೇ ಮಾತನ್ನು ಅವಳು ನೂರು ಸಲ ಕೇಳಿದ್ದಳು. ನೂರು ಸಲವೂ ತಲೆ ಆಡಿಸಿದ್ದಳು. ಇವತ್ತು ಅದು ಕಿವಿಗೆ ಕಾದ ಎಣ್ಣೆ ಬಿದ್ದ ಹಾಗಿತ್ತು. ಅವಳಿಗೆ ಸಿಟ್ಟು ಬಂದದ್ದು ಅವನ ಮೇಲೋ ತನ್ನ ತಲೆ ಮೇಲೋ ಅನ್ನುವುದು ಅವಳಿಗೂ ಸರಿಯಾಗಿ ತಿಳಿಯಲಿಲ್ಲ.

ವಯಸ್ಸಂತೆ ವಯಸ್ಸು. ವಯಸ್ಸು ಅಂದುಬಿಟ್ಟರೆ ಯಾರೂ ಬಗ್ಗಿ ನೋಡಬೇಕಾಗಿಲ್ಲ, ಯಾರೂ ಕೈ ಕೊಳೆ ಮಾಡಿಕೊಳ್ಳಬೇಕಾಗಿಲ್ಲ. ಎಲ್ಲಿ ಸವೆದಿದೆ, ಯಾವುದು ಸವೆದಿದೆ ಅಂತ ಕೇಳುವವರಿಲ್ಲ. ನಾನೇ ನೋಡುತ್ತೇನೆ ಅಂದುಕೊಂಡಳು.

ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಒಬ್ಬರು ಮೇಲೆ ಕೂತು ಗೇರು ಆಡಿಸಬೇಕು, ಒಬ್ಬರು ಕೆಳಗೆ ಮಲಗಿ ನೋಡಬೇಕು. ಲಾಂಡ್ರಿ ಎರಡು ರಸ್ತೆಯ ಆಚೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋಗಿ ಬಾಗಿಲಲ್ಲಿ ನಿಂತಳು. “ಹತ್ತು ನಿಮಿಷ ಬಾ. ನನ್ನ ಹತ್ತಿರ ಮಾತಾಡೋದು ಬೇಡ. ಗೇರು ಆಡಿಸಿದ್ರೆ ಸಾಕು.” ನಾದಿನಿ ಅವಳ ಮುಖ ನೋಡಿದಳು, ಸುಕ್ಕು ಕೋಟು ನೋಡಿದಳು, ಟಿಫಿನ್ ಡಬ್ಬಿ ಮುಚ್ಚಿ ಎದ್ದಳು.

ಸ್ಕೂಲಿನ ಹಿಂದೆ ಕಾರು ತೊಳೆಯುವ ಸಿಮೆಂಟಿನ ಕಟ್ಟೆ ಇದೆ, ಕೆಳಗೆ ಮನುಷ್ಯರು ನುಸುಳುವಷ್ಟು ಜಾಗ. ಬೆಳಿಗ್ಗೆಯೇ ಕಾರನ್ನು ಅದರ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟಿದ್ದಳು. ಸೈಲೆನ್ಸರು ಆರಿತ್ತು. ಮಂಡಿಯನ್ನು ಬೈದುಕೊಂಡು, ಹಳೆಯ ಗೋಣಿ ಹಾಸಿ, ಟಾರ್ಚು ಹಿಡಿದು ಅಂಗಾತ ಮಲಗಿದಳು. ಗೇರ್ ಲಿವರಿನ ಬುಡದಿಂದ ಒಂದು ಉದ್ದನೆಯ ಕಬ್ಬಿಣದ ರಾಡು ಗೇರ್‌ಬಾಕ್ಸಿನ ಕಡೆಗೆ ಹೋಗಿತ್ತು. ಬುಡಕ್ಕೆ ಹೊದಿಸಿದ್ದ ರಬ್ಬರು ಹರಿದು ಜೋತುಬಿದ್ದಿತ್ತು, ಅದರೊಳಗೆ ಹನ್ನೊಂದು ವರ್ಷದ ರಸ್ತೆ ಧೂಳು.

“ಆಡಿಸು,” ಅಂದಳು.

“ಆಡಿಸ್ತಿದ್ದೀನಿ.”

“ಎಲ್ಲಿ ಆಡಿಸ್ತಿದ್ದೀಯ? ಇಲ್ಲಿ ಏನೂ ಆಡ್ತಿಲ್ಲ.”

“ಎರಡು ಬೆರಳು ಬಂತು ಅತ್ತಿಗೆ. ಮೂರು. ಈಗ ನಾಲ್ಕು.”

ನಾಲ್ಕು ಅಂದಾಗ ರಾಡು ಟಕ್ ಅಂತ ಅಲುಗಿತು.

ಕ್ಲಚ್ಚಕ್ಕ ಮತ್ತೆ ಆಡಿಸಲು ಹೇಳಿ, ಟಾರ್ಚನ್ನು ಹತ್ತಿರ ತಂದು ನೋಡಿದಳು. ಲಿವರು ಬಂದು ರಾಡಿಗೆ ಸೇರುವ ಕಡೆ ಒಂದು ಬೋಲ್ಟು, ಬೋಲ್ಟಿನ ಸುತ್ತ ಅದು ಆಡದ ಹಾಗೆ ಹಿಡಿಯುವ ಪ್ಲಾಸ್ಟಿಕ್ ಬುಷ್, ಉಂಗುರದಷ್ಟು ದೊಡ್ಡದು. ಬುಷ್ಷಿನ ತೂತು ದುಂಡಗಿರಲಿಲ್ಲ. ಸವೆದು ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಮೇಲೆ ಕೈ ಎಷ್ಟೇ ಸರಿಯಾಗಿ ಎಳೆದರೂ ಬೋಲ್ಟು ಆ ತೂತಿನಲ್ಲಿ ಮೊದಲು ಹಾಯಾಗಿ ಅಡ್ಡಾಡಿಕೊಂಡು, ಆಮೇಲೆ ರಾಡನ್ನು ಮುಟ್ಟುತ್ತಿತ್ತು. ಪಕ್ಕದಲ್ಲಿ ಅದರದೇ ಜೋಡಿ ಇನ್ನೊಂದು ಬುಷ್, ಅದರ ಗತಿಯೂ ಅದೇ. ಮೇಲೆ ನಾದಿನಿ ಹೇಳಿದ ಹಾಗೆ ಆಡಿಸುತ್ತಲೇ ಇದ್ದಳು. ಆ ಕೈ ಹೇಳಿದ್ದನ್ನೆಲ್ಲ ಮಾಡುತ್ತಿತ್ತು. ಮೊದಲಿನಿಂದಲೂ ಮಾಡುತ್ತಿತ್ತು.

ಅವಳು ಕೂಡಲೇ ಎದ್ದು ಬರಲಿಲ್ಲ. ಗೋಣಿಯ ಮೇಲೆ ಮಲಗಿದ್ದಲ್ಲೇ ಒಬ್ಬೊಬ್ಬರ ಮುಖ ನೆನಪಾಯಿತು. ಪುಸ್ತಕಕ್ಕೆ ರಟ್ಟು ಕಟ್ಟುವ ಮನುಷ್ಯ, ಮೂರು ಸಲ ಫೇಲಾಗಿ, ನನ್ನ ಕೈ ಸರಿಯಿಲ್ಲಮ್ಮ ಅಂತ ತಾನೇ ಹೇಳಿಕೊಂಡು ಹೋದವನು. ರಿಟೈರಾದ ಲೆಕ್ಕದ ಮೇಡಂ, ಈ ಜನ್ಮಕ್ಕೆ ಸಾಕು ಅಂತ ಕೈ ಮುಗಿದವರು. ಹೊಟ್ಟೆಯಲ್ಲಿ ಆರು ತಿಂಗಳ ಮಗು ಇಟ್ಟುಕೊಂಡು ಬಂದು ಬೈಸಿಕೊಂಡು ಅತ್ತವಳು. ಅವರ ಕೈ ಮೇಲೆ ತನ್ನ ಕೈ ಇಟ್ಟು ತಾನೇ ಗೇರು ಹಾಕಿ, ನೋಡು ಎಷ್ಟು ಸಲೀಸು ಅಂದಿದ್ದಳು. ಕಾರಿನ ತಪ್ಪನ್ನು ಹನ್ನೊಂದು ವರ್ಷ ತನ್ನ ಅಂಗೈಯಲ್ಲಿ ಮುಚ್ಚಿಟ್ಟುಕೊಂಡು, ಬೈಗುಳವನ್ನು ಅವರಿಗೆ ಹಂಚಿದ್ದಳು. ಯಜಮಾನನ ಮೇಲೆ, ಮೆಕ್ಯಾನಿಕ್ಕಿನ ಮೇಲೆ ಇದ್ದ ಸಿಟ್ಟೆಲ್ಲ ಆ ಕ್ಷಣ ಅವಳ ಮೇಲೇ ತಿರುಗಿ ಬಿತ್ತು. ಕಣ್ಣಿಗೆ ಧೂಳು ಬಿದ್ದಿತ್ತು ನಿಜ, ನೀರು ಬಂದದ್ದು ಧೂಳಿಗಲ್ಲ.

ಬುಷ್ಷು ಬಿಚ್ಚಿಕೊಂಡು ಬಿಡಿಭಾಗದ ಅಂಗಡಿಗೆ ಹೋದಳು. ಬುಷ್ಷು ಒಂದೇ ಬರುವುದಿಲ್ಲ, ಲಿವರು ರಾಡು ಎಲ್ಲ ಸೇರಿದ ಸೆಟ್ಟೇ ತೆಗೆದುಕೊಳ್ಳಬೇಕು, ಈ ಮಾಡೆಲ್ಲಿಗೆ ಆ ಸೆಟ್ಟೂ ನಿಂತುಹೋಗಿದೆ ಅಂದ ಅಂಗಡಿಯವನು. ಉಂಗುರದಷ್ಟು ಸಾಮಾನು ಸವೆದರೆ ಇಡೀ ಕಾರು ಬಿಸಾಡಬೇಕಾ ಅಂತ ಅವಳು ಅಲ್ಲೇ ಕೌಂಟರು ಕುಟ್ಟಿದಳು. ಗಿರಾಕಿಗಳು ತಿರುಗಿ ನೋಡಿದರು. ಅಂಗಡಿಯವನು, ಹಿಂದಿನ ಗಲ್ಲಿಯಲ್ಲಿ ಸಾಮಾನು ಕಡೆದುಕೊಡುವ ಲೇತ್ ಇದೆ ನೋಡಿ ಅಂತ ಸಾಗಹಾಕಿದ.

ಲೇತಿನವನು ದಪ್ಪ ಕನ್ನಡಕದ ಮುದುಕ. ಆ ತಿಂಗಳಲ್ಲಿ ಅವಳ ಮಾತು ಕೇಳಿ ವಯಸ್ಸು ಅನ್ನದೆ ಸಾಮಾನನ್ನು ಕೈಗೆತ್ತಿಕೊಂಡ ಮೊದಲ ಗಂಡಸು. ಬುಷ್ಷನ್ನು ಬೆಳಕಿಗೆ ಹಿಡಿದು, ತೂತಿನಲ್ಲಿ ಕಿರುಬೆರಳು ಆಡಿಸಿ, ಬೋಲ್ಟು ತಂದಿದ್ದೀರಾ ಅಂತ ಒಂದೇ ಪ್ರಶ್ನೆ ಕೇಳಿದ. ತಂದಿದ್ದಳು. ಬೋಲ್ಟಿನ ದಪ್ಪ ಅಳೆದು, ಬಿಳಿ ನೈಲಾನಿನ ತುಂಡೊಂದನ್ನು ಲೇತಿಗೆ ಕಚ್ಚಿಸಿದ. ಸುರುಳಿ ಸುರುಳಿಯಾಗಿ ನೈಲಾನು ಬಿದ್ದಿತು. ಮೊದಲನೇ ಬುಷ್ಷು ಬೋಲ್ಟಿಗೆ ಬಿಗಿಯಾಯಿತು ಅಂತ ಅವನೇ ಪಕ್ಕಕ್ಕಿಟ್ಟ. ಅಷ್ಟು ಬಿಗಿ ಇದ್ದರೆ ಒಳ್ಳೆಯದಲ್ಲವಾ ಅಂದಳು. ಅಲ್ಲ ಅಂದ, ಆಡಬಾರದು, ಆದರೆ ಹಿಡಿದುಕೊಳ್ಳಲೂಬಾರದು. ಇನ್ನೆರಡು ಮಾಡಿ ಕೊಟ್ಟ.

ಮಾರನೇ ಮಧ್ಯಾಹ್ನ ಮತ್ತೆ ಅದೇ ಕಟ್ಟೆ, ಅದೇ ಗೋಣಿ, ಅದೇ ಮಂಡಿ. ಹಳೆಯ ಧೂಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಗ್ರೀಸ್ ಹಚ್ಚಿ ಬುಷ್ಷು ಕೂರಿಸಿದಳು. ಹರಿದ ರಬ್ಬರಿನ ಬದಲು ಟೈರ್ ಅಂಗಡಿಯಿಂದ ತಂದ ಟ್ಯೂಬಿನ ತುಂಡು ಸುತ್ತಿ ತಂತಿ ಬಿಗಿದಳು. ಕೊನೆಗೆ ಗೇರು ನ್ಯೂಟ್ರಲ್ಲಿನಲ್ಲಿರುವಾಗ ಲಿವರು ನೆಟ್ಟಗೆ ನಿಲ್ಲುವ ಹಾಗೆ ರಾಡಿನ ನಟ್ಟು ಬಿಗಿಯಬೇಕು. ಲಿವರು ಹಿಡಿದವಳು ನಾದಿನಿ. ನೆಟ್ಟಗಿದೆಯಾ ಅಂತ ಕ್ಲಚ್ಚಕ್ಕ ಕೆಳಗಿನಿಂದ ಮೂರು ಸಲ ಕೇಳಿದಳು. ಪ್ಯಾಂಟಿನ ಗೆರೆ ಹದಿನಾಲ್ಕು ವರ್ಷ ನೆಟ್ಟಗೆ ಕೂರಿಸಿದ ಕಣ್ಣು ಅದು, ಇನ್ನೊಂದು ಕೂದಲೆಳೆ ಈ ಕಡೆ ಅಂತ ಎರಡು ಸಲ ತಿದ್ದಿಸಿ, ಮೂರನೇ ಸಲ ಹೂಂ ಅಂದಿತು.

ಕಾರು ಇಳಿಸಿ ಕ್ಲಚ್ಚಕ್ಕನೇ ಮೊದಲು ಓಡಿಸಿದಳು. ಒಂದು, ಎರಡು ಸರಿಯಾಗಿ ಬಿದ್ದವು. ಮೂರಕ್ಕೆ ಹೋದಳು, ಐದಕ್ಕೆ ಬಿತ್ತು. ಕಾರು ಕೆಮ್ಮಿತು. ಇನ್ನೊಂದು ಸಲ ಮೂರಕ್ಕೆ ಹೋದಳು, ಮತ್ತೆ ಐದು. ಹನ್ನೊಂದು ವರ್ಷ ಡೊಂಕಿಗೆ ಡೊಂಕಾಗಿ ನಡೆದ ಕೈ, ಈಗ ನೆಟ್ಟಗಿರುವ ದಾರಿಯಲ್ಲಿ ಎಡವುತ್ತಿತ್ತು. ಪಕ್ಕದಲ್ಲಿ ನಾದಿನಿ ಕಿಟಕಿಯ ಆಚೆ ನೋಡುತ್ತಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ನಾದಿನಿ ಸ್ಟೀರಿಂಗಿಗೆ ಕೂತಳು. ಒಂದರಿಂದ ಐದು, ಐದರಿಂದ ಒಂದು, ರಿವರ್ಸು, ಒಂದೂ ತಪ್ಪಲಿಲ್ಲ.

ಆ ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಕ್ಲಚ್ಚಕ್ಕ, ಅವತ್ತು ಅಂದದ್ದು ತಪ್ಪಾಯ್ತು ಕಣೆ ಅಂದಳು. ಅವಳ ಬಾಯಿಂದ ಅಂಥ ಮಾತು ಬಂದದ್ದು ಮದುವೆಯಾಗಿ ಮೂವತ್ತು ವರ್ಷದಲ್ಲಿ ಗಂಡನೂ ಕೇಳಿರಲಿಲ್ಲ. ಪೇಪರಿನ ಹಿಂದಿನಿಂದ ಅವರ ಕನ್ನಡಕ ಮೇಲೆದ್ದಿತು.

ನಾದಿನಿ ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ. “ಅಷ್ಟು ಜನರ ಮುಂದೆ ಅಂದ್ರಿ. ವಾಪಸ್ ತಗೊಳ್ಳೋದು ಅಡುಗೆಮನೆಯಲ್ಲಾ ಅತ್ತಿಗೆ? ಅಂದ ಜಾಗದಲ್ಲೇ ಹೇಳಿ. ಇಲ್ಲಾಂದ್ರೆ ನಾನು ಆ ಕಾರಲ್ಲಿ ಕೂರಲ್ಲ.”

ಕ್ಲಚ್ಚಕ್ಕನಿಗೆ ಮತ್ತೆ ಸುರ್ರನೆ ಏರಿತು. ಮಂಡಿ ಮುರಿದುಕೊಂಡು ಮಣ್ಣಲ್ಲಿ ಮಲಗಿದ್ದು ಸಾಲದಾ, ಇನ್ನು ಮೈದಾನದಲ್ಲಿ ನಿಂತು ತಪ್ಪೊಪ್ಪಿಕೊಳ್ಳಬೇಕಾ? ಬಾಯಿ ತೆರೆದಳು. ಆ ದಿನ ಡ್ರಮ್ಮಿನ ಹತ್ತಿರ ಬ್ಯಾಗು ಎತ್ತಿಕೊಂಡ ಕೈ ಕಣ್ಣೆದುರು ಬಂತು. ಬಾಯಿ ಮುಚ್ಚಿದಳು.

ಪರೀಕ್ಷೆಯ ಬೆಳಿಗ್ಗೆ ಮೈದಾನದ ಗೇಟಿನಲ್ಲೇ ಯಜಮಾನನಿಗೆ ವಿಷಯ ಹೇಳಿದಳು. ಅವನ ಮುಖ ಸಣ್ಣದಾಯಿತು. ಗೇರು ರಿಪೇರಿ ಮಾಡಿದ್ದು ಒಳ್ಳೆಯದಾಯಿತು, ಆದರೆ ಇದನ್ನು ಡಂಗುರ ಹೊಡೆಯಬೇಡಿ ಅಂದ. ಹಿಂದೆ ಫೇಲಾದವರೆಲ್ಲ ನಾಳೆ ಜಗಳಕ್ಕೆ ಬರುತ್ತಾರೆ. ಬಾಯಿ ಬಿಟ್ಟರೆ ಸಂಜೆ ಕಾರಿನ ಕೀ ಮೇಜಿನ ಮೇಲಿಟ್ಟು ಹೋಗಿ ಅಂತಲೂ ಅಂದ. ಇಪ್ಪತ್ತು ವರ್ಷದ ಕೆಲಸ. ಕ್ಲಚ್ಚಕ್ಕ ಕೋಟಿನ ಜೇಬಿನಲ್ಲಿದ್ದ ಸವೆದ ಬುಷ್ಷನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಗೋಡೆಯ ಪಕ್ಕ ಹತ್ತು ಜನ ನಿಂತಿದ್ದರು. ಅದರಲ್ಲಿ ಇಬ್ಬರು ಹೋದ ಸಲವೂ ಇದ್ದವರು, ಬಿಳಿ ಕಾರಿನಲ್ಲಿ ಫೇಲಾಗಿ ಮತ್ತೆ ಬಂದವರು. ಯಜಮಾನ ಇದ್ದ, ಭಾವಮೈದುನ ಇದ್ದ. ಇನ್ಸ್‌ಪೆಕ್ಟರು ಹೆಸರಿನ ಪಟ್ಟಿ ಹಿಡಿದು ಬರುತ್ತಿದ್ದರು. ಬಿಳಿ ಕಾರಿನ ಪಕ್ಕ ನಾದಿನಿ ಕೈ ಕಟ್ಟಿ ನಿಂತಿದ್ದಳು, ಬಾಗಿಲು ತೆಗೆದಿರಲಿಲ್ಲ. ಕ್ಲಚ್ಚಕ್ಕ ಹೋಗಿ ಡ್ರಮ್ಮಿನ ಹತ್ತಿರ ನಿಂತಳು. ಜೇಬಿನಿಂದ ಬುಷ್ಷು ತೆಗೆದು ಎತ್ತಿ ಹಿಡಿದು, ರಸ್ತೆಯ ತುದಿಗೆ ಕೇಳುವ ಗಂಟಲಲ್ಲಿ ಹೇಳಿದಳು.

“ಹೋದ ಸಲ ಇಲ್ಲೇ ನಿಂತು ಇವಳ ಕೈಗೆ ಬೈದೆ. ಇವಳ ಕೈ ಸರಿಯಾಗೇ ಇತ್ತು. ಸವೆದಿದ್ದು ಇದು, ನೋಡಿ. ಹನ್ನೊಂದು ವರ್ಷ ನಾನು ಬಗ್ಗಿ ನೋಡಲಿಲ್ಲ, ನಿಮಗೆ ಬೈದೆ. ನನ್ನ ಹತ್ತಿರ ಬೈಸಿಕೊಂಡವರು ಯಾರ್ಯಾರು ಇದ್ದಾರೋ, ಎಲ್ಲರ ಕೈಯೂ ಸರಿಯಾಗಿತ್ತು. ತಪ್ಪು ನಂದು.”

ಮರಳಿ ಬಂದಿದ್ದ ಇಬ್ಬರಲ್ಲಿ ಒಬ್ಬಾಕೆ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಯಜಮಾನ ತನ್ನ ಚಪ್ಪಲಿ ನೋಡುತ್ತಿದ್ದ. ಇನ್ಸ್‌ಪೆಕ್ಟರು ಬಂದು ಕೈ ಚಾಚಿ ಬುಷ್ಷು ಇಸಿದುಕೊಂಡರು, ಮೊಟ್ಟೆಯಾಕಾರದ ತೂತಿನಲ್ಲಿ ಬೆರಳು ತೂರಿಸಿ ಆಡಿಸಿದರು, ವಾಪಸ್ ಕೊಟ್ಟರು. ನಾದಿನಿ ಬಾಗಿಲು ತೆಗೆದು ಕೂತಳು.

ಏರಿನ ಮೇಲೆ ಒಂದರಿಂದ ಎರಡಕ್ಕೆ ಬರುವಾಗ ಕ್ಲಚ್ಚಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಹಾಗಾಗಿ ಅದನ್ನು ಅವಳು ನೋಡಲೇ ಇಲ್ಲ. ಕಾರು ಆಫಾಗದೆ ಮೇಲೆ ಹೋದ ಸದ್ದು ಮಾತ್ರ ಕೇಳಿದಳು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆ ಸಂಜೆ ಯಜಮಾನ ಹೇಳಿದ ಹಾಗೇ ಕೀ ಇಸಿದುಕೊಂಡ. ಅವಳೂ ಸುಮ್ಮನೆ ಕೂರಲಿಲ್ಲ. ಮೊದಲು ರಟ್ಟು ಕಟ್ಟುವವನ ಅಂಗಡಿಗೆ, ಆಮೇಲೆ ಲೆಕ್ಕದ ಮೇಡಂ ಮನೆಗೆ, ಹೀಗೆ ನೆನಪಿದ್ದವರ ಬಾಗಿಲಿಗೆಲ್ಲ ಬುಷ್ಷು ಹಿಡಿದುಕೊಂಡು ಹೋಗಿ, ನಿಮ್ಮ ಕೈ ಸರಿಯಾಗಿತ್ತು ಅಂತ ಹೇಳಿ ಬಂದಳು. ಕೆಲವರು ಒಳಗೆ ಕರೆದರು, ಒಬ್ಬರು ಮುಖದ ಮೇಲೆ ಬಾಗಿಲು ಹಾಕಿದರು. ನಾಲ್ಕನೇ ದಿನ ಸ್ಕೂಲಿನ ಮುಂದೆ ಐದು ಜನ ಬಂದು ನಿಂತರು. ಜಗಳಕ್ಕೆ ಅಂತ ಯಜಮಾನ ಬೆವರಿದ. ಅವರು ಕಲಿಯಲು ಬಂದವರು, ಬಿಳಿ ಕಾರು ಬೇಕು, ಕ್ಲಚ್ಚಕ್ಕನೇ ಬೇಕು ಅಂದರು. ಕೀ ಮನೆಗೇ ಬಂತು.

ಆದರೆ ಅದಕ್ಕಿಂತ ಮೊದಲು, ಪರೀಕ್ಷೆ ಮುಗಿದ ಆ ಮಧ್ಯಾಹ್ನ, ಇಬ್ಬರೂ ಬಿಳಿ ಕಾರಿನಲ್ಲಿ ಹೊರಟರು. ಪಾಸು ಅಂತ ಬರೆದ ಚೀಟಿಯನ್ನು ನಾದಿನಿ ನಾಲ್ಕು ಮಡಿಕೆ ಮಾಡಿ ಬ್ಲೌಸಿನೊಳಗೆ ಇಟ್ಟುಕೊಂಡು ಓಡಿಸುತ್ತಿದ್ದಳು, ಕ್ಲಚ್ಚಕ್ಕ ಪಕ್ಕದಲ್ಲಿ. ಲಾಂಡ್ರಿಯ ರಸ್ತೆಗೆ ತಿರುಗುವ ಕಡೆ ಸ್ವಲ್ಪ ಏರು. ಇಂಜಿನ್ ಸದ್ದು ಭಾರವಾಯಿತು. ನಾದಿನಿ ಕ್ಲಚ್ಚು ಒತ್ತಿ ಗೇರಿನ ಗುಂಡಿಗೆ ಕೈ ಹಾಕಿದಳು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಆ ಸದ್ದಿಗೆ ಚಾಚುತ್ತಾ ಬಂದ ಕ್ಲಚ್ಚಕ್ಕನ ಕೈ ತಾನಾಗಿ ಹೋಗಿ ಅವಳ ಕೈ ಮೇಲೆ ಕೂತಿತು.

“ಅತ್ತಿಗೆ,” ಅಂದಳು ನಾದಿನಿ, ರಸ್ತೆಯಿಂದ ಕಣ್ಣು ತೆಗೆಯದೆ. “ಕೈ ತೆಗೀರಿ.”

ಕ್ಲಚ್ಚಕ್ಕ ಕೈ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಎರಡನೇ ಗೇರು ಬಿತ್ತು, ಕಾರು ಏರು ಹತ್ತಿತು.